ದುಡಿಮೆಯ ಮನೆಯ ಸಿಂಗಾರ: ಅನಗೋಳ ಪರಿಸರದ ಖಂಡೇಪೂಜೆಯನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಕಚೇರಿ, ಕಾರ್ಖಾನೆ, ಬ್ಯಾಂಕು, ಬಸ್ ಡಿಪೊ ಮೊದಲಾದ, ಹಲವರು ಕೂಡಿ ದುಡಿಯುವ ತಾಣಗಳ ಒಳಾಂಗಣವನ್ನು ಯಾವುದಾದರೊಂದು ವಿಷಯವನ್ನು ಆಧಾರವಾಗಿಟ್ಟುಕೊಂಡು ಅಲಂಕರಿಸುವ ಪದ್ಧತಿ ಕಳೆದ ಎರಡು ಮೂರು ದಶಕಗಳಲ್ಲಿ ಕರ್ನಾಟಕದ ನಗರಗಳಲ್ಲಿ ಬಲವಾಗಿ ಬೇರೂರಿದೆ. ಇದನ್ನು ರೂಪಿಸುವವರು 'ಥೀಮ್' ಎಂಬ ಮಾತನ್ನು ಬಳಸುತ್ತಾರೆ. ಹಾಗೆ ಆಯ್ದುಕೊಳ್ಳುವ ವಿಷಯಗಳಲ್ಲಿ ಜಾನಪದಕ್ಕೆ ದೊಡ್ಡ ಬೇಡಿಕೆಯಿದೆ. ಸ್ವಾಗತದ ಮೇಜಿನ ಹಿಂದೆ ಯಕ್ಷಗಾನದ ಕಿರೀಟ, ಸಭಾಕೊಠಡಿಯ ಗೋಡೆಗೆ ವಾರ್ಲಿ ಚಿತ್ರದ ಮುದ್ರಿತ ಹಾಳೆ, ಗಾಜಿನ ಪೆಟ್ಟಿಗೆಯಲ್ಲಿ ಕಿನ್ನಾಳದ ಗೊಂಬೆ, ಊಟದ ಕೋಣೆಯಲ್ಲಿ ಲಂಬಾಣಿ ಕಸೂತಿಯ ಒಂದು ತುಣುಕು ಇವು ಈಗ ಪರಿಚಿತ ದೃಶ್ಯಗಳು. ಜಾನಪದ ವಿದ್ವಾಂಸರು ಇದಕ್ಕೆ ಎರಡು ಬಗೆಯಲ್ಲಿ ಪ್ರತಿಕ್ರಿಯಿಸಿದ್ದಾರೆ. ಕಲಾವಿದರಿಗೆ ಮಾರುಕಟ್ಟೆ ದೊರೆಯಿತೆಂದು ಕೆಲವರು ಸ್ವಾಗತಿಸಿದರೆ, ಜಾನಪದವು ಸರಕಾಯಿತೆಂದು ಕೆಲವರು ಕಳವಳಗೊಂಡಿದ್ದಾರೆ. ಈ ಎರಡೂ ನಿಲುವುಗಳ ತಳದಲ್ಲಿ ಒಂದೇ ಗೃಹೀತವಿದೆ. ದುಡಿಮೆಯ ತಾಣವೆಂಬುದು ಸ್ವಭಾವತಃ ಬರಿದಾದುದು, ಅದರ ಸಿಂಗಾರವು ಹೊರಗಿನಿಂದಲೇ ಬರಬೇಕು ಎಂಬುದೇ ಆ ಗೃಹೀತ. ಬೆಳಗಾವಿಯ ಅನಗೋಳದಂಥ ಒಂದು ಪರಿಸರವನ್ನು ಹತ್ತಿರದಿಂದ ಗಮನಿಸಿದರೆ ಈ ಗೃಹೀತ ನಿಲ್ಲುವುದಿಲ್ಲ. ದುಡಿಯುವವರು ತಮ್ಮ ದುಡಿಮೆಯ ಮನೆಯನ್ನು ತಾವೇ ಸಿಂಗರಿಸುವ ಒಂದು ಪೂರ್ಣ ಪ್ರಮಾಣದ ಪರಂಪರೆ ಅಲ್ಲಿದೆ. ಅದಕ್ಕೆ ತನ್ನದೇ ಆದ ವಿಷಯವಿದೆ, ವಿನ್ಯಾಸವಿದೆ, ಅವಧಿಯಿದೆ. ಅದನ್ನು ಅಧ್ಯಯನದ ಚೌಕಟ್ಟಿನೊಳಗೆ ತರುವಲ್ಲಿ ನಮ್ಮ ಜಾನಪದ ವಿದ್ವತ್ತು ತೋರಿದ ಉದಾಸೀನವೇ ಪ್ರಸ್ತುತ ಲೇಖನದ ವಿಮರ್ಶೆಯ ವಸ್ತು.

ಈ ಉದಾಸೀನಕ್ಕೆ ಚಾರಿತ್ರಿಕ ಕಾರಣಗಳಿವೆ. ಕನ್ನಡ ಜಾನಪದ ಅಧ್ಯಯನ ಹುಟ್ಟಿದ್ದು ಹಾಡಿನ ಮಡಿಲಲ್ಲಿ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದಿಂದ ಮೊದಲ್ಗೊಂಡು, ಜನಪದ ಗೀತೆಗಳನ್ನು ಕುರಿತ ಬಿ.ಎಸ್. ಗದ್ದಗಿಮಠರ ಸಂಶೋಧನೆಯವರೆಗೆ, ಅನಂತರದ ದಶಕಗಳ ಕಥೆ, ಗಾದೆ, ಒಗಟು, ಮಹಾಕಾವ್ಯಗಳ ಸಂಗ್ರಹದವರೆಗೆ ಅದರ ಒಲವು ಮಾತಿನ ಕಡೆಗೇ ಇತ್ತು. ರಿಚರ್ಡ್ ಡಾರ್ಸನ್ 1972ರಲ್ಲಿ ಮುಂದಿಟ್ಟ ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ, ಪ್ರದರ್ಶನ ಕಲೆಗಳು ಎಂಬ ನಾಲ್ಕು ವಿಭಾಗಗಳ ವರ್ಗೀಕರಣ ನಮ್ಮ ಪಠ್ಯಕ್ರಮಗಳನ್ನು ಪ್ರವೇಶಿಸಿದ ಮೇಲೆ ವಸ್ತುಗಳಿಗೂ ಜಾಗ ದೊರೆಯಿತು. ಆದರೆ ಆ ವರ್ಗೀಕರಣವೇ ಇನ್ನೊಂದು ತೊಡಕನ್ನು ತಂದೊಡ್ಡಿತು. ಖಂಡೇಪೂಜೆಯ ದಿನ ಲೇಥ್ ಯಂತ್ರವೊಂದರ ಮುಂದೆ ಕಾಣುವ ಸಿಂಗಾರದಲ್ಲಿ ಯಂತ್ರ ಮತ್ತು ಹತಾರಗಳು ಭೌತಿಕ ಸಂಸ್ಕೃತಿಗೆ ಸಲ್ಲುತ್ತವೆ, ಪೂಜೆ ಸಾಮಾಜಿಕ ಆಚರಣೆಗೆ ಸಲ್ಲುತ್ತದೆ, ಅದನ್ನು ನೋಡಲು ಬರುವ ಮಂದಿ ಪ್ರದರ್ಶನದ ಭಾಗವಾಗುತ್ತಾರೆ. ನಾಲ್ಕು ಕಪಾಟುಗಳ ನಡುವಿನ ಸಂದಿಯಲ್ಲಿ ಇಡೀ ಸಿಂಗಾರ ಜಾರಿಹೋಗುತ್ತದೆ. ಹಬ್ಬಗಳನ್ನು ಕುರಿತ ನಮ್ಮ ಗ್ರಂಥಗಳಲ್ಲಿ ಖಂಡೇನವಮಿಗೆ ಒಂದೆರಡು ಪ್ಯಾರಾಗಳು ಮೀಸಲು. ಅವು ಪಾಂಡವರು ಬನ್ನಿಮರದಲ್ಲಿ ಆಯುಧಗಳನ್ನು ಅಡಗಿಸಿಟ್ಟ ಕಥೆಯನ್ನು ಹೇಳಿ ಮುಗಿಯುತ್ತವೆ. ಆ ದಿನ ಕಮ್ಮಟದ ನೆಲ ಹೇಗಿರುತ್ತದೆ ಎಂಬುದನ್ನು ಬರೆದವರು ವಿರಳ.

ಅನಗೋಳ ಒಂದು ಕಾಲಕ್ಕೆ ಬೆಳಗಾವಿಯ ಹೊರಗಿನ ಒಕ್ಕಲುತನದ ಹಳ್ಳಿ. ಇಂದು ಮಹಾನಗರದ ದಕ್ಷಿಣ ಭಾಗದಲ್ಲಿ, ಟಿಳಕವಾಡಿಯ ರೈಲು ಹಳಿಗಳಾಚೆ ಸೇರಿಹೋದ ಬಡಾವಣೆ. ಕನ್ನಡ ಮತ್ತು ಮರಾಠಿ ಎರಡೂ ಇಲ್ಲಿಯ ಮನೆಮಾತುಗಳು. ಇದಕ್ಕೆ ಹೊಂದಿಕೊಂಡೇ ಉದ್ಯಮಬಾಗ ಕೈಗಾರಿಕಾ ಪ್ರದೇಶವಿದೆ. ಎರಕದ ಮನೆಗಳು, ಲೇಥ್ ಮತ್ತು ಮಿಲ್ಲಿಂಗ್ ಕಮ್ಮಟಗಳು, ವಾಹನಗಳ ಬಿಡಿಭಾಗ ಹಾಗೂ ಹೈಡ್ರಾಲಿಕ್ ಉಪಕರಣಗಳನ್ನು ತಯಾರಿಸುವ ಸಣ್ಣ ದೊಡ್ಡ ಘಟಕಗಳು ಅಲ್ಲಿ ಒತ್ತಾಗಿ ನೆಲೆಸಿವೆ. ಇನ್ನೊಂದು ದಿಕ್ಕಿಗೆ ಹೊರಳಿದರೆ ವಡಗಾವಿ, ಖಾಸಬಾಗ, ಶಹಾಪುರಗಳ ನೇಕಾರ ಓಣಿಗಳು. ಶಹಾಪುರವು ಸ್ವಾತಂತ್ರ್ಯದವರೆಗೆ ಸಾಂಗಲಿ ಸಂಸ್ಥಾನದ ಭಾಗವಾಗಿದ್ದು, ಅದರ ಸೀರೆಗಳಿಗೆ ಹಳೆಯ ಹೆಸರಿದೆ. ಹೀಗೆ ಕಬ್ಬಿಣದ ದುಡಿಮೆ ಮತ್ತು ನೂಲಿನ ದುಡಿಮೆ ನಡೆದುಹೋಗುವಷ್ಟು ಅಂತರದಲ್ಲಿವೆ. ಒಂದರಲ್ಲಿ ದುಡಿಮೆಯ ತಾಣ ಮನೆಯಿಂದ ಬೇರೆಯಾಗಿದೆ, ಇನ್ನೊಂದರಲ್ಲಿ ಮಗ್ಗ ಮನೆಯ ಪಡಸಾಲೆಯಲ್ಲೇ ನಿಂತಿದೆ. 'ಹಲವರು ಹಂಚಿಕೊಂಡ ದುಡಿಮೆಯ ಒಳಾಂಗಣ' ಎಂಬ ಕಲ್ಪನೆಯನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ನೆಲ ಸಿಗುವುದು ಕಷ್ಟ.

ಉತ್ತರ ಕರ್ನಾಟಕದಲ್ಲಿ ಆಯುಧಪೂಜೆಗೆ ಖಂಡೇಪೂಜೆ ಎಂಬ ಹೆಸರೇ ಬಳಕೆಯಲ್ಲಿದೆ. ಖಂಡೆಯ ಎಂದರೆ ಕತ್ತಿ. ವಿಜಯನಗರದ ಮಹಾನವಮಿಯಲ್ಲಿ ಅರಸನ ಆನೆ, ಕುದುರೆ, ಸೈನ್ಯಗಳ ಸಿಂಗಾರವನ್ನು ಕಂಡು ಬೆರಗಾದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ವಿವರಣೆ ವಿದ್ವಾಂಸರಿಗೆ ತಿಳಿದದ್ದೇ. ಅರಸನ ಖಂಡೆಯ ಒಕ್ಕಲಿಗನ ಕುಡುಗೋಲಾಗಿ, ಬಡಿಗನ ಉಳಿಯಾಗಿ, ಚಾಲಕನ ಸ್ಟಿಯರಿಂಗ್ ಆಗಿ ಬದಲಾದುದನ್ನು ಸಾಮಾನ್ಯವಾಗಿ 'ಶಿಷ್ಟದ ಜಾನಪದೀಕರಣ' ಎಂದು ಗುರುತಿಸಿ ಕೈಬಿಡಲಾಗುತ್ತದೆ. ಬದಲಾವಣೆ ಅಷ್ಟು ಸರಳವಲ್ಲ. ಅರಸನ ಪೂಜೆಯಲ್ಲಿ ಆಯುಧ ಅವನ ಒಡೆತನದ್ದು. ಕಮ್ಮಟದ ಪೂಜೆಯಲ್ಲಿ ಯಂತ್ರ ಮಾಲೀಕನದು, ಕೈ ದುಡಿಯುವವನದು. ಆ ಒಂದು ದಿನ ಯಂತ್ರದ ಮೇಲೆ ಕೈಯ ಹಕ್ಕು ಕಾಣಿಸಿಕೊಳ್ಳುತ್ತದೆ.

ಸಿಂಗಾರ ಆರಂಭವಾಗುವುದು ಹೂವಿನಿಂದಲ್ಲ, ಕಸದಿಂದ. ಹಿಂದಿನ ದಿನವೇ ಲೇಥಿನ ತಳದಲ್ಲಿ ಸುರುಳಿಗಟ್ಟಿ ಬಿದ್ದ ಕಬ್ಬಿಣದ ಚೂರನ್ನು ಬಾಚಿ ತೆಗೆಯುತ್ತಾರೆ. ಗ್ರೀಸ್ ಮತ್ತು ಕೂಲಂಟ್ ಬೆರೆತು ಅಂಟಿಕೊಂಡ ಕರಿಯ ಪದರವನ್ನು ಡೀಸೆಲ್‌ನಲ್ಲಿ ಅದ್ದಿದ ಅರಿವೆಯಿಂದ ಒರೆಸುತ್ತಾರೆ. ವರ್ಷವಿಡೀ ಕಾಣದಿದ್ದ ಯಂತ್ರದ ಬಣ್ಣ, ತಯಾರಕರ ಹೆಸರಿನ ತಗಡು, ಒಂದು ಬೋಲ್ಟ್ ಇಲ್ಲದ ಜಾಗ, ಎಲ್ಲಿಯೋ ಬಿಟ್ಟ ಸಣ್ಣ ಬಿರುಕು ಎಲ್ಲವೂ ಬೆಳಕಿಗೆ ಬರುತ್ತವೆ. ಆಚರಣೆಯ ಪ್ರಕಾರ್ಯವನ್ನು ಹುಡುಕುವವರಿಗೆ ಇದು ಒಂದು ಸ್ಪಷ್ಟ ನಿದರ್ಶನ: ಪೂಜೆಯ ನೆಪದಲ್ಲಿ ಯಂತ್ರದ ವಾರ್ಷಿಕ ತಪಾಸಣೆ ನಡೆದುಹೋಗುತ್ತದೆ. ಆದರೆ ಅಷ್ಟಕ್ಕೇ ನಿಂತರೆ ವಿನ್ಯಾಸದ ಮಾತು ತಪ್ಪಿಹೋಗುತ್ತದೆ. ಒರೆಸುವ ಕೆಲಸ ಸಿಂಗಾರದ ಪೂರ್ವಸಿದ್ಧತೆಯಲ್ಲ, ಸಿಂಗಾರದ ಮೊದಲ ಮಜಲು. ಯಂತ್ರವನ್ನು ಮುಚ್ಚಿ ಬೇರೊಂದನ್ನು ತೋರಿಸುವುದಲ್ಲ ಇಲ್ಲಿಯ ಉದ್ದೇಶ, ಯಂತ್ರವನ್ನೇ ತೋರಿಸುವುದು.

ಮರುದಿನ ಬಾಗಿಲಿಗೆ ಮಾವಿನ ತೋರಣ, ಬಾಳೆಯ ಕಂಬ, ಕಬ್ಬು. ಯಂತ್ರದ ಮೈಗೆ ಚೆಂಡುಹೂವಿನ ಮಾಲೆ. ಹೆಡ್‌ಸ್ಟಾಕಿನ ಮೇಲೆ ಒಂದೆಡೆ ವಿಭೂತಿಯ ಮೂರು ಪಟ್ಟಿ, ಪಕ್ಕದ ಯಂತ್ರದ ಮೇಲೆ ಸ್ವಸ್ತಿಕ, ಮತ್ತೊಂದರ ಮೇಲೆ ಬರಿಯ ಅರಿಸಿನ ಕುಂಕುಮದ ಬೊಟ್ಟು. ಯಂತ್ರ ನಡೆಸುವವನ ಮನೆತನದ ಗುರುತು ಯಂತ್ರದ ಹಣೆಗೆ ಬರುತ್ತದೆ. ಮಾಲೀಕರ ಕಡತದಲ್ಲಿ ಸಂಖ್ಯೆಯಾಗಿರುವ ಯಂತ್ರಗಳು ಆ ದಿನ ಇವನದು, ಅವನದು ಎಂದು ಬೇರೆ ಬೇರೆಯಾಗಿ ನಿಲ್ಲುತ್ತವೆ. ಸಣ್ಣ ಹತಾರಗಳ ಜೋಡಣೆಯಂತೂ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು. ಪಾನಾ, ಇಕ್ಕಳ, ಅರ, ಡ್ರಿಲ್ ಮೊಳೆ, ವರ್ನಿಯರ್, ಮೈಕ್ರೋಮೀಟರ್ ಇವನ್ನು ತೊಳೆದ ಅರಿವೆಯ ಮೇಲೆ ಅಳತೆಯ ಕ್ರಮದಲ್ಲೋ ಅರ್ಧಚಂದ್ರಾಕಾರದಲ್ಲೋ ಇಡುತ್ತಾರೆ. ಅಳೆಯುವ ಹತಾರಗಳು ದೇವರ ಫೋಟೊಕ್ಕೆ ಹತ್ತಿರ, ಬಡಿಯುವ ಹತಾರಗಳು ತುಸು ದೂರ ಎಂಬ ತಾರತಮ್ಯವನ್ನೂ ಕೆಲವೆಡೆ ಕಾಣಬಹುದು. ಕೌಶಲದ ಶ್ರೇಣಿ ನೆಲದ ಮೇಲೆ ಬಿಡಿಸಿದ ಚಿತ್ರವಾಗುತ್ತದೆ. ಬೂದುಗುಂಬಳ ಒಡೆದ ಮೇಲೆ ಹೆಂಡತಿ ಮಕ್ಕಳು ಒಳಗೆ ಬರುತ್ತಾರೆ. ವರ್ಷದಲ್ಲಿ ಅವರು ಆ ಒಳಾಂಗಣವನ್ನು ನೋಡುವುದು ಅಂದು ಮಾತ್ರ. ಅಪ್ಪನ ಯಂತ್ರ ಯಾವುದು, ಅವನು ನಿಲ್ಲುವ ಜಾಗ ಯಾವುದು ಎಂದು ಮಗು ಕೇಳುವ ಪ್ರಶ್ನೆಗೆ ಉತ್ತರವಾಗಿಯೇ ಈ ಸಿಂಗಾರ ರೂಪುಗೊಂಡಿದೆ ಎಂದರೆ ತಪ್ಪಾಗದು.

ನೇಕಾರ ಮನೆಯಲ್ಲಿ ಕ್ರಮ ಬೇರೆ. ಅಲ್ಲಿ ನೋಡಲು ಬರುವವರು ಯಾರೂ ಇಲ್ಲ, ಎಲ್ಲರೂ ಒಳಗಿನವರೇ. ಲಾಳಿ, ಹಣಿಗೆ, ಕಂಡಿಕೆಗಳನ್ನು ಮಗ್ಗದ ಮುಂದೆ ಇಟ್ಟು ಪೂಜಿಸುತ್ತಾರೆ. ಕುಣಿಮಗ್ಗವಿದ್ದರೆ ನೇಕಾರ ಕಾಲಿಳಿಬಿಟ್ಟು ಕೂರುವ ಕುಣಿಯ ಅಂಚಿಗೂ ರಂಗೋಲಿ ಬೀಳುತ್ತದೆ. ವಿದ್ಯುತ್ ಮಗ್ಗದ ಮನೆಯಲ್ಲಿ ಆ ದಿನದ ಅತಿ ದೊಡ್ಡ ಅಲಂಕಾರವೆಂದರೆ ಮೌನ. ಬೆಳಗಿನಿಂದ ರಾತ್ರಿಯವರೆಗೆ ಓಣಿಯನ್ನು ತುಂಬಿರುವ ಖಟಖಟ ಸದ್ದು ನಿಂತು, ಮಾತು ಕೇಳಿಸುವಂತಾಗುತ್ತದೆ. ಸದ್ದನ್ನು ತೆಗೆದುಹಾಕುವುದೂ ಒಳಾಂಗಣ ವಿನ್ಯಾಸದ ಒಂದು ಕ್ರಮವೆಂಬುದು ಗೋಡೆಗಳ ಮೇಲಷ್ಟೇ ಕಣ್ಣಿಟ್ಟ ವಿನ್ಯಾಸಕಾರರಿಗೆ ಹೊಳೆಯುವುದಿಲ್ಲ. ಎರಕದ ಮನೆಯಲ್ಲಿ ಇದೇ ಕೆಲಸವನ್ನು ತಣ್ಣಗಾದ ಕುಲುಮೆ ಮಾಡುತ್ತದೆ. ಅಂದು ಕುಲುಮೆಯ ಹತ್ತಿರ ಬರಿಮೈಯಲ್ಲಿ ನಿಲ್ಲಬಹುದು.

ಈ ಸಿಂಗಾರಗಳ ವಿನ್ಯಾಸತತ್ವವನ್ನು ನಾಮಪದಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೆಳಗಾವಿ ಸೀಮೆಯ ಕನ್ನಡದಲ್ಲಿ ಇವಕ್ಕೆ ಇರುವುದು ಕ್ರಿಯಾಪದಗಳು. ಗಣಪತಿಯನ್ನು 'ಕೂಡ್ರಸೂದು', ಆಮೇಲೆ 'ಕಳಸೂದು'. ನವರಾತ್ರಿಯಲ್ಲಿ ಘಟ್ಟ 'ಹಾಕೂದು', ಮೊಳೆತ ಸಸಿಯನ್ನು ಕಿತ್ತು ಮುಡಿಯುವುದು. ಮೊಹರಮ್ಮಿನಲ್ಲಿ ಅಲಾಯಿ ದೇವರು 'ಕೂತಾವ' ಎನ್ನುತ್ತಾರೆ, ಕೊನೆಗೆ ದೇವರು 'ಹೊಳಿಗಿ ಹೋದವು' ಎನ್ನುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು, ಆಷಾಢದ ಗುಳ್ಳವ್ವ, ಭಾದ್ರಪದದ ಜೋಕುಮಾರ, ದೀಪಾವಳಿಯಲ್ಲಿ ಸಗಣಿಯಿಂದ ಮಾಡಿಡುವ ಪಾಂಡವರು ಇವುಗಳಿಗೆಲ್ಲ ಬರುವ ದಿನದಷ್ಟೇ ಖಚಿತವಾಗಿ ಹೋಗುವ ದಿನವೂ ಗೊತ್ತಾಗಿದೆ. ಧರ್ಮ, ಜಾತಿ, ಭಾಷೆಗಳ ಗೆರೆಗಳನ್ನು ದಾಟಿ ಒಂದೇ ವ್ಯಾಕರಣ ಇಲ್ಲಿ ಕೆಲಸ ಮಾಡುತ್ತದೆ. ಕೂಡ್ರಿಸುವ ಕ್ರಿಯೆಯೊಳಗೇ ಕಳಿಸುವ ಕ್ರಿಯೆ ಅಡಗಿದೆ. ಕಳಿಸಲಾಗದ್ದನ್ನು ಜನಪದರು ಕೂಡ್ರಿಸುವುದಿಲ್ಲ. ಕಚೇರಿಯ 'ಥೀಮ್' ಸಿಂಗಾರಕ್ಕೆ ಇಲ್ಲದಿರುವುದು ಈ ಎರಡನೆಯ ಕ್ರಿಯಾಪದ. ಉದ್ಘಾಟನೆಯ ದಿನ ಗೋಡೆಗೇರಿದ ಕಿರೀಟವನ್ನು ಇಳಿಸಬೇಕಾದ ದಿನ ಯಾವುದೆಂದು ಯಾರೂ ಗೊತ್ತುಮಾಡಿರುವುದಿಲ್ಲ. ಮೂರನೆಯ ತಿಂಗಳಿಗೆ ಅದರ ಮೇಲೆ ದೂಳು, ಆರನೆಯ ತಿಂಗಳಿಗೆ ಅದನ್ನು ಯಾರೂ ನೋಡುವುದಿಲ್ಲ. ಒಳಾಂಗಣಕ್ಕೆ ಜೀವ ತುಂಬಲೆಂದು ತಂದದ್ದು ಒಳಾಂಗಣದ ನಿರ್ಜೀವ ಭಾಗವಾಗುತ್ತದೆ.

ಹಾಗಾದರೆ ಜನಪದ ಸಿಂಗಾರಕ್ಕೆ 'ಥೀಮ್' ಎಂಬುದು ಇಲ್ಲವೇ ಎಂಬ ಪ್ರಶ್ನೆ ಸಹಜ. ಇದೆ, ಅದೂ ಬೆಳಗಾವಿಯಲ್ಲಿ ಧಾರಾಳವಾಗಿ ಇದೆ. ತಿಲಕರ ಪ್ರೇರಣೆಯಿಂದ 20ನೆಯ ಶತಮಾನದ ಮೊದಲ ದಶಕದಲ್ಲೇ ಇಲ್ಲಿ ನೆಲೆಯೂರಿದ ಸಾರ್ವಜನಿಕ ಗಣೇಶೋತ್ಸವದಲ್ಲಿ ಮರಾಠಿಯ 'ಆರಾಸ', 'ದೇಖಾವೆ' ಎಂಬ ಮಾತುಗಳು ಕನ್ನಡಿಗರ ಬಾಯಲ್ಲೂ ಓಡಾಡುತ್ತವೆ. ಪುರಾಣದ ಪ್ರಸಂಗ, ಶಿವಾಜಿಯ ಕೋಟೆ, ಬರಗಾಲ, ಹೆಣ್ಣುಶಿಶುವಿನ ಉಳಿವು ಹೀಗೆ ವರ್ಷಕ್ಕೊಂದು ವಿಷಯವನ್ನು ಆಯ್ದು, ಮೋಟಾರಿನಿಂದ ಕುಣಿಯುವ ಗೊಂಬೆಗಳ ಮೂಲಕ ಮಂಡಳಿಗಳು ಅದನ್ನು ಅಭಿನಯಿಸಿ ತೋರಿಸುತ್ತವೆ. ಆ ಮೋಟಾರು, ಗೇರು, ಚಕ್ರಗಳನ್ನು ಹೊಂದಿಸುವ ಕೈಗಳು ಬಹುಮಟ್ಟಿಗೆ ಕಮ್ಮಟಗಳಲ್ಲಿ ಪಳಗಿದ ಕೈಗಳೇ. ದುಡಿಮೆಯ ತಾಣದಲ್ಲಿ ಕಲಿತ ಕಸುಬು ಓಣಿಯ ಪೆಂಡಾಲಿನಲ್ಲಿ ಆಟವಾಗುತ್ತದೆ. ದೀಪಾವಳಿಗೆ ಮಕ್ಕಳು ಮನೆಯ ಮುಂದೆ ಮಣ್ಣು ಕಲ್ಲುಗಳಿಂದ ಕೋಟೆ ಕಟ್ಟುವುದು ಇದೇ ಶಾಲೆಯ ಮೊದಲ ತರಗತಿ. ಆದರೆ ಇಲ್ಲಿಯೂ ವಿಷಯ ಎಷ್ಟೇ ದೊಡ್ಡದಿರಲಿ ಅವಧಿ ಹನ್ನೊಂದು ದಿನ. ಕಪಿಲೇಶ್ವರ ಹೊಂಡದ ದಾರಿ ಹಿಡಿದ ಮೇಲೆ ದೇಖಾವೆ ಬಿಚ್ಚಿಕೊಳ್ಳುತ್ತದೆ, ಮೋಟಾರು ಕಮ್ಮಟಕ್ಕೆ ಮರಳುತ್ತದೆ.

ಇದೇ ನೆಲದ ಇನ್ನೊಂದು ಉದಾಹರಣೆ ವಿದ್ವಾಂಸರ ಗಮನಕ್ಕೆ ಬಂದಿದ್ದರೂ ಈ ಕೋನದಿಂದ ಪರಿಶೀಲನೆಗೊಳಗಾಗಿಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಅನಗೋಳಕ್ಕೆ ಹತ್ತಿರದ ಟಿಳಕವಾಡಿಯಲ್ಲಿ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಎದ್ದ ಆ ನಗರಕ್ಕೆ ವಿಜಯನಗರವೆಂದು ಹೆಸರಿಟ್ಟರು. ಪ್ರವೇಶದ್ವಾರವನ್ನು ಹಂಪೆಯ ವಿರೂಪಾಕ್ಷ ದೇವಾಲಯದ ಗೋಪುರವನ್ನು ನೆನಪಿಸುವಂತೆ ಕಟ್ಟಿದರು. ನೀರಿಗಾಗಿ ತೋಡಿದ ಬಾವಿ ಪಂಪಾಸರೋವರವಾಯಿತು. ಸಾವಿರಾರು ಜನ ಕೂಡಿ ದುಡಿಯುವ ಒಂದು ತಾತ್ಪೂರ್ತಿಕ ಕಾರ್ಯಸ್ಥಾನವನ್ನು ಒಂದೇ ವಿಷಯದ ಸುತ್ತ ರೂಪಿಸಿದ ಈ ಪ್ರಯತ್ನ ಇಂದಿನ ಅರ್ಥದಲ್ಲಿಯೂ 'ಥೀಮ್' ವಿನ್ಯಾಸವೇ. ಒಡೆದುಹೋದ ಕನ್ನಡ ನಾಡಿನ ಏಕೀಕರಣದ ಹಂಬಲವನ್ನು ಆ ಗೋಪುರ ಮಾತಿಲ್ಲದೆ ಹೇಳಿತು. ಕೆಲಸ ಮುಗಿದೊಡನೆ ಗೋಪುರ ಬಿಚ್ಚಿತು, ಚಪ್ಪರ ಬಿಚ್ಚಿತು. ಉಳಿದದ್ದು ಬಾವಿ, ಇಂದಿಗೂ 'ಕಾಂಗ್ರೆಸ್ ಬಾವಿ' ಎಂದೇ ಕರೆಸಿಕೊಳ್ಳುತ್ತಿರುವುದು. ತೋರಿಕೆಗೆ ಕಟ್ಟಿದ್ದು ಹೋಗಿ ಬಳಕೆಗೆ ತೋಡಿದ್ದು ನಿಂತಿತು ಎಂಬುದನ್ನು ಗಮನಿಸಬೇಕು. ಶಿಷ್ಟರ ಯೋಜನೆಯೊಂದು ಜನಪದ ಸಿಂಗಾರದ ವ್ಯಾಕರಣವನ್ನು ಅರಿಯದೆಯೇ ಪಾಲಿಸಿದ ಅಪರೂಪದ ಸಂದರ್ಭವಿದು.

ಇದರ ಎದುರಿಗೆ ಇಂದಿನ ಸರ್ಕಾರಿ ಒಳಾಂಗಣಗಳನ್ನಿಟ್ಟು ನೋಡಬಹುದು. 2012ರ ಅಕ್ಟೋಬರ್ 11ರಂದು ಉದ್ಘಾಟನೆಗೊಂಡ ಬೆಳಗಾವಿಯ ಸುವರ್ಣ ವಿಧಾನಸೌಧ ಈ ಭಾಗದ ಅತಿ ದೊಡ್ಡ ಸಾಮೂಹಿಕ ಕಾರ್ಯಸ್ಥಾನಗಳಲ್ಲೊಂದು. 2022ರ ಡಿಸೆಂಬರ್ 19ರಂದು ಅಲ್ಲಿಯ ವಿಧಾನಸಭೆಯ ಸಭಾಂಗಣದಲ್ಲಿ ಏಳು ಮಹನೀಯರ ಭಾವಚಿತ್ರಗಳು ಅನಾವರಣಗೊಂಡಾಗ ಯಾರ ಚಿತ್ರ ಇರಬೇಕು, ಯಾರದು ಬೇಡ ಎಂಬ ವಾದ ನಾಡಿನಾದ್ಯಂತ ಎದ್ದಿತು. 2024ರ ಜನವರಿಯಲ್ಲಿ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಸರ್ಕಾರ ಘೋಷಿಸಿತು, ಎಲ್ಲ ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವಿಡಲು ಆದೇಶವೂ ಹೊರಟಿತು. ಈ ಚರ್ಚೆಗಳ ರಾಜಕೀಯ ಇಲ್ಲಿ ಅಪ್ರಸ್ತುತ. ಪ್ರಸ್ತುತವಾದುದು, ಚಿತ್ರ ಯಾರದೆಂದು ಕೇಳಿದವರಲ್ಲಿ ಯಾರೂ ಆ ಗೋಡೆಯ ಕೆಳಗೆ ದಿನವಿಡೀ ಕುಳಿತು ಕಡತ ಬರೆಯುವವರ ಅಥವಾ ಆ ಗಾಜನ್ನು ಒರೆಸುವವರ ಮಾತನ್ನು ಕೇಳಲಿಲ್ಲವೆಂಬುದು. ಕಾಯಕವನ್ನೇ ಪೂಜೆಗಿಂತ ಮೇಲೆ ಕಂಡ ಶರಣರ ಚಿತ್ರವನ್ನು ತೂಗುಹಾಕುವಾಗ ಕಾಯಕದ ಹತಾರ ಯಾವುದೂ ಆ ಗೋಡೆಯ ಹತ್ತಿರ ಸುಳಿಯುವುದಿಲ್ಲ. ಆದರೂ ಭಾವಚಿತ್ರವನ್ನು ಕಿರೀಟದಂತೆ ಸಾರಾಸಗಟಾಗಿ ತಳ್ಳಿಹಾಕಲಾಗದು. ಜಯಂತಿಯ ದಿನ ಅದನ್ನು ಕೆಳಗಿಳಿಸಿ, ಒರೆಸಿ, ಕುರ್ಚಿಯ ಮೇಲೆ ಕೂಡ್ರಿಸಿ, ಮಾಲೆ ಹಾಕಿ, ಮತ್ತೆ ಗೋಡೆಗೇರಿಸುತ್ತಾರೆ. ಇಳಿಸಿ ಏರಿಸುವ ಈ ಕೆಲಸ ಮಾಡುವವನು ಕಚೇರಿಯ ಜವಾನ. ಸರ್ಕಾರಿ ಒಳಾಂಗಣದ ನಿಜವಾದ ವಿನ್ಯಾಸಕಾರ ಅವನೇ. ತೋರಣದ ಎಲೆಯನ್ನು ಯಾವ ಮರದಿಂದ ತರಬೇಕು, ಸಾಹೇಬರ ಮೇಜಿನ ಯಾವ ಬದಿಗೆ ಊದುಬತ್ತಿ ಹಚ್ಚಿದರೆ ಕಾಗದಕ್ಕೆ ಕಿಡಿ ಸಿಡಿಯದು ಎಂಬ ಜ್ಞಾನ ಅವನ ಬಳಿಯಿದೆ. ಯಾವ ಜಾನಪದ ಕೋಶದಲ್ಲಿಯೂ ಅದು ದಾಖಲಾಗಿಲ್ಲ.

ಸಿಂಗಾರವನ್ನು ಆಡಳಿತ ಹೇಗೆ ಕಾಣುತ್ತದೆ ಎಂಬುದಕ್ಕೆ ಎರಡು ಆಜ್ಞೆಗಳು ಸಾಕ್ಷಿಯಾಗಿವೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಧಾನಸೌಧದ ಕಚೇರಿಗಳಲ್ಲಿ ಆಯುಧಪೂಜೆಯ ವೇಳೆ ರಾಸಾಯನಿಕ ಬೆರೆತ ಅರಿಸಿನ, ಕುಂಕುಮ ಮತ್ತು ಬಣ್ಣಗಳನ್ನು ಬಳಸಬಾರದೆಂದು ಸುತ್ತೋಲೆ ಹೊರಟಿತು. ನೆಲದ ಮೇಲೆ ಬಿದ್ದ ಕಲೆ ಬಹುಕಾಲ ಹೋಗುವುದಿಲ್ಲವೆಂಬುದು ಅದಕ್ಕೆ ಕಾರಣವಾಗಿತ್ತು. ಸುತ್ತೋಲೆಯ ಕಾಳಜಿ ಅನುಚಿತವಲ್ಲ. ನೆಲ ತಿಕ್ಕುವ ಕೈಗಳೂ ದುಡಿಯುವ ಕೈಗಳೇ. ಅದು ಸಂಪ್ರದಾಯಕ್ಕೆ ಧಕ್ಕೆಯೆಂದು ಎದ್ದ ಗದ್ದಲದಲ್ಲಿ ಈ ಅಂಶ ಮರೆಯಾಯಿತು. ಕಳಿಸುವ ಕ್ರಿಯೆಗೆ ಒಗ್ಗದ ರಾಸಾಯನಿಕ ಬಣ್ಣವನ್ನು ಸಂಪ್ರದಾಯವೇ ಒಪ್ಪಬೇಕಾಗಿಲ್ಲ. ಇನ್ನೊಂದು ಆಜ್ಞೆ ಸಾರಿಗೆ ನಿಗಮದ್ದು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಆಯುಧಪೂಜೆಗೆಂದು ಪ್ರತಿ ಬಸ್ಸಿಗೆ ಕೊಡುತ್ತಿದ್ದ 100 ರೂಪಾಯಿಯನ್ನು 2024ರಲ್ಲಿ 250ಕ್ಕೆ ಏರಿಸಿತು. ಹೂವಿನ ಬೆಲೆ ಬಲ್ಲವರಿಗೆ ಹಿಂದಿನ ಮೊತ್ತ ನಗೆ ತರಿಸಬಹುದು. ಕೊರತೆ ಬಿದ್ದದ್ದನ್ನು ಚಾಲಕ ನಿರ್ವಾಹಕರು ಕೈಯಿಂದ ಹಾಕುತ್ತಾರೆ. ಆದರೆ ತತ್ವದ ದೃಷ್ಟಿಯಿಂದ ಈ ಆಜ್ಞೆ ಗಮನಾರ್ಹ. ಸಂಸ್ಥೆ ಹಣ ಕೊಡುತ್ತದೆ, ಹೇಗೆ ಸಿಂಗರಿಸಬೇಕೆಂದು ಹೇಳುವುದಿಲ್ಲ. ಒಂದೇ ಡಿಪೊದ ಬಸ್ಸುಗಳು ಒಂದರಂತೆ ಒಂದಿಲ್ಲದಿರುವುದಕ್ಕೆ ಕಾರಣ ಅದೇ. ಲಕ್ಷಗಟ್ಟಲೆ ವೆಚ್ಚದಲ್ಲಿ ಒಳಾಂಗಣ ರೂಪಿಸಿಕೊಳ್ಳುವ ಸಂಸ್ಥೆಗಳು ಈ ಇನ್ನೂರೈವತ್ತು ರೂಪಾಯಿಯಿಂದ ಕಲಿಯಬೇಕಾದದ್ದಿದೆ.

ಜಾನಪದ ಚಿತ್ರಗಳ ಬಳಕೆಯ ಪ್ರಶ್ನೆಯನ್ನು ಈಗ ಮತ್ತೆ ಎತ್ತಿಕೊಳ್ಳಬಹುದು. ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರ ಕಚೇರಿಗಳ ಗೋಡೆಗೆ ಈಗ ಮುದ್ರಿತ ರೂಪದಲ್ಲಿ ಬರುತ್ತಿದೆ. ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ ಇವುಗಳಿಂದ ಮದುವೆಯ ಮನೆಯ ಗೋಡೆಗೆ ಬರೆಯುವ ಚಿತ್ತಾರ ಆ ಮನೆಯ ಒಂದು ಘಟನೆಗೆ ಬದ್ಧವಾದುದು. ಮುಂದಿನ ಸಾರಣೆಯಲ್ಲಿ ಅಳಿಯುವುದು ಅದರ ಧರ್ಮ. ಅದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ ಬ್ಯಾಂಕಿನ ಗೋಡೆಗೆ ಅಂಟಿಸಿದಾಗ ಅಪಚಾರವಾಯಿತೆಂದು ಮರುಗುವುದಕ್ಕಿಂತ, ಅಲ್ಲಿ ಏನು ನಡೆಯದಾಯಿತು ಎಂದು ಕೇಳುವುದು ಹೆಚ್ಚು ಫಲಕಾರಿ. ಬರೆಯುವವಳು ಬರಲಿಲ್ಲ, ಬ್ಯಾಂಕಿನವರು ಅವಳು ಬರೆಯುವುದನ್ನು ನೋಡಲಿಲ್ಲ, ಎರಡನೆಯ ಸಲ ಅವಳಿಗೆ ಕರೆ ಹೋಗುವುದಿಲ್ಲ. ಅಳಿಯುವ ಚಿತ್ರ ಕಲಾವಿದೆಗೆ ಪ್ರತಿ ಸಲ ಕೆಲಸ ಕೊಡುತ್ತದೆ, ಅಳಿಯದ ಮುದ್ರಣ ಒಮ್ಮೆ ಮಾತ್ರ, ಅದೂ ಮುದ್ರಕನಿಗೆ. ಮಾರುಕಟ್ಟೆ ದೊರೆಯಿತೆಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ವಾರ್ಲಿ ಚಿತ್ರದ ಮಾತು ಇನ್ನೂ ದೂರದ್ದು. ಮಹಾರಾಷ್ಟ್ರದ ಬುಡಕಟ್ಟಿನ ಆ ಚಿತ್ರ ಕರ್ನಾಟಕದ ಕಚೇರಿಗಳಲ್ಲಿ 'ಗ್ರಾಮೀಣ' ಎಂಬುದರ ಸಾಮಾನ್ಯ ಮುದ್ರೆಯಾಗಿ ಬಳಕೆಯಾಗುತ್ತಿದೆ, ಯಾವ ಗ್ರಾಮವೆಂಬ ಪ್ರಶ್ನೆಯೇ ಏಳುವುದಿಲ್ಲ. ಬೆಳಗಾವಿಯ ಕಚೇರಿಯೊಂದು ಮಣ್ಣಿನ ಕೆಲಸವನ್ನು ಬಯಸಿದರೆ ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯಿರುವ ಖಾನಾಪುರ ಪಕ್ಕದ ತಾಲೂಕು. ಕಟ್ಟಿಗೆಯ ಹಣ್ಣು ಹಂಪಲು ಬೇಕಾದರೆ ಗೋಕಾಕದ ಆಟಿಕೆಗಾರರು ಅದೇ ಜಿಲ್ಲೆಯವರು.

ಇಷ್ಟು ಹೇಳಿದ ಮಾತ್ರಕ್ಕೆ ಖಂಡೇಪೂಜೆಯನ್ನು ಆದರ್ಶವೆಂದು ಮೆರೆಸುವುದು ಸರಿಯಲ್ಲ. ಜಾನಪದ ವಿಮರ್ಶೆಗೆ ಅಂಟಿದ ಹಳೆಯ ರೋಗ ಈ ಮೆರೆಸುವಿಕೆ. ಕಮ್ಮಟದ ಸಿಂಗಾರದಲ್ಲಿ ಯಂತ್ರ ನಡೆಸುವವನ ಗುರುತು ಕಾಣುವಷ್ಟು ಕಸ ಗುಡಿಸುವವಳ ಗುರುತು ಕಾಣುವುದಿಲ್ಲ. ಅವಳ ಕಸಬರಿಗೆಗೆ ಎಲ್ಲ ಕಡೆ ಕುಂಕುಮ ಬೀಳುವುದಿಲ್ಲ. ಗುತ್ತಿಗೆಯ ಮೇಲೆ ಬಂದ ಹೊರರಾಜ್ಯದ ಹುಡುಗನಿಗೆ ತನ್ನದೆಂದು ಹೇಳಿಕೊಳ್ಳುವ ಯಂತ್ರವಿಲ್ಲ. ಮಾಲೀಕರು ಹಂಚುವ ಸಿಹಿಯ ಪೆಟ್ಟಿಗೆ ಎಷ್ಟೋ ಸಲ ಕೊಡಬೇಕಾದ ಬೋನಸ್ಸಿನ ಮಾತನ್ನು ಮರೆಸುವ ಸಾಧನವಾಗುತ್ತದೆ. ಮುಸಲ್ಮಾನ ಕೆಲಸಗಾರ ತನ್ನ ಯಂತ್ರವನ್ನು ಒರೆಸಿ ಹೂ ಹಾಕಿ ನಿಲ್ಲುವ ಹಳೆಯ ರೂಢಿ ಎಷ್ಟು ಕಡೆ ಉಳಿದಿದೆ, ಎಷ್ಟು ಕಡೆ ಸಂಕೋಚಕ್ಕೆ ತಿರುಗಿದೆ ಎಂಬುದನ್ನು ಯಾರಾದರೂ ನಿಷ್ಠುರವಾಗಿ ಅಧ್ಯಯನ ಮಾಡಬೇಕಾಗಿದೆ. ಫಲಕದ ಮೇಲಿನ ಶುಭಾಶಯ ಕನ್ನಡದಲ್ಲಿರಬೇಕೋ ಮರಾಠಿಯಲ್ಲೋ ಎಂಬ ಗಡಿನಾಡಿನ ಜಗಳ ಕಮ್ಮಟದ ಬಾಗಿಲಿಗೂ ಬರುತ್ತದೆ. ಒಳಗೆ ಹತಾರಗಳ ಸಾಲಿನಲ್ಲಿ ಮಾತ್ರ ಆ ಜಗಳಕ್ಕೆ ಎಡೆಯಿಲ್ಲ, ಅಲ್ಲಿ ಅಕ್ಷರಗಳೇ ಇಲ್ಲ. ನೇಕಾರ ಮನೆಗಳ ಸಂಗತಿ ಮತ್ತೂ ಕಠಿಣವಾದುದು. 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ಬೆಳಗಾವಿಯ ನೇಕಾರ ಓಣಿಗಳಿಗೆ ನೀರು ನುಗ್ಗಿತು, ಮರುವರ್ಷದ ಲಾಕ್‌ಡೌನ್ ಕಾಲದಲ್ಲಿ ನೇಯ್ದ ಸೀರೆ ಮಾರಾಟವಾಗದೆ ಉಳಿಯಿತು. ಅಂಥ ವರ್ಷಗಳಲ್ಲಿ ಮಗ್ಗದ ಮೌನ ಹಬ್ಬದ ಅಲಂಕಾರವಾಗಿರಲಿಲ್ಲ. ಸದ್ದು ನಿಲ್ಲುವುದಕ್ಕೆ ಅರ್ಥ ಬರುವುದು ಮರುದಿನ ಸದ್ದು ಮತ್ತೆ ಆರಂಭವಾಗುವ ಖಾತ್ರಿಯಿದ್ದಾಗ ಮಾತ್ರ.

ವಸ್ತುಸಂಗ್ರಹಾಲಯಗಳ ವಿನ್ಯಾಸವನ್ನೂ ಈ ಬೆಳಕಿನಲ್ಲಿ ಮರುಪರಿಶೀಲಿಸಬೇಕು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರ ಜಾನಪದ ಲೋಕ, ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇವು ದುಡಿಮೆಯ ಹತಾರ ಮತ್ತು ಭಂಗಿಗಳನ್ನು ಮುಂದಿನ ತಲೆಮಾರಿಗೆ ಕಾಣಿಸಿದ ಮಹತ್ವದ ಸಾಧನೆಗಳು. ಹತಾರವನ್ನು ಉಳಿಸುವುದು ಅವುಗಳ ಗುರಿ, ಆ ಗುರಿಯಲ್ಲಿ ಅವು ಗೆದ್ದಿವೆ. ಕಚೇರಿಗಳ ಒಳಾಂಗಣ ರೂಪಿಸುವವರು ಮಾದರಿಗಾಗಿ ನೋಡುತ್ತಿರುವುದು ಈ ಸಂಗ್ರಹಾಲಯಗಳನ್ನು, ತೊಂದರೆ ಇರುವುದು ಅಲ್ಲಿ. ಕಚೇರಿಯಲ್ಲಿ ದುಡಿಮೆ ಇನ್ನೂ ನಡೆಯುತ್ತಿದೆ, ಅದು ಸಂಗ್ರಹಾಲಯವಲ್ಲ. ಅದಕ್ಕೆ ಮಾದರಿ ಬೇಕಾದರೆ ಉದ್ಯಮಬಾಗದ ಕಮ್ಮಟವಿದೆ. ಅಲ್ಲಿಯ ಸಿಂಗಾರದ ದಾಖಲಾತಿಯನ್ನು ಅಕಾಡೆಮಿಯಂಥ ಸಂಸ್ಥೆ ಕೈಗೆತ್ತಿಕೊಳ್ಳುವುದಾದರೆ ಪೂಜೆಯ ಗಳಿಗೆಯ ಛಾಯಾಚಿತ್ರಗಳಷ್ಟೇ ಸಾಲವು. ಹಿಂದಿನ ದಿನದ ಒರೆಸುವಿಕೆ, ಮರುದಿನ ಮಾಲೆಯನ್ನು ಬಿಚ್ಚುವ ಕ್ರಮ, ಬಾಡಿದ ಹೂ ಎಲ್ಲಿಗೆ ಹೋಗುತ್ತದೆ, ಮೊದಲ ಯಂತ್ರವನ್ನು ಯಾರು ಚಾಲೂ ಮಾಡುತ್ತಾರೆ ಎಂಬುದೂ ಬರೆಯಬೇಕಾದ ಸಂಗತಿಗಳು. ಹೂ ತೆಗೆದ ಮೇಲೂ ಕುಂಕುಮ ಯಂತ್ರದ ಮೇಲೆ ಉಳಿಯುತ್ತದೆ, ಅದನ್ನು ಯಾರೂ ಬೇಕೆಂದು ಒರೆಸುವುದಿಲ್ಲ. ಕೈ ತಾಗುವ ಹಿಡಿಯ ಮೇಲಿನದು ಮೊದಲ ಪಾಳಿಯಲ್ಲೇ ಹೋಗುತ್ತದೆ, ಚಕ್ಕಿನ ಮೇಲಿನದು ಒಂದೆರಡು ದಿನದಲ್ಲಿ ಎಣ್ಣೆಗೆ ಕರಗುತ್ತದೆ, ಸ್ವಿಚ್ಚಿನ ಪೆಟ್ಟಿಗೆಯ ಮೇಲಿನದು ಬೆರಳ ತುದಿಯ ಗಾತ್ರಕ್ಕೆ ಅಳಿಸುತ್ತದೆ. ಯಾರ ಕೈಯೂ ಹೋಗದ ಮೋಟಾರಿನ ಹಿಂಬದಿಯ ಬೊಟ್ಟು ಮಾತ್ರ ಮುಂದಿನ ಖಂಡೇಪೂಜೆಯವರೆಗೂ ಹಾಗೆಯೇ ಇರುತ್ತದೆ.